ಲೌಡನ್ ಕೌಂಟಿಯನ್ನು ಬೆಸ ವರ್ಷದಲ್ಲಿ ನೋಡಿ

ಸಂಪಾದಕರಿಗೆ,

ಮಾನ್ಯರೆ,

ಅಮೆರಿಕದ ಅಧ್ಯಕ್ಷೀಯ ಚುನಾವಣೆ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಕೆಂಪು–ನೀಲಿ ನಕ್ಷೆಗಳು ಬರುತ್ತವೆ. ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿಗೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) 2008ರಿಂದೀಚೆಗೆ ಸಿಕ್ಕಿರುವುದು ನೀಲಿ, ಅಂದರೆ ಡೆಮಾಕ್ರಟಿಕ್ ಪಕ್ಷದ ಬಣ್ಣ. ಆದರೆ ಅದೇ ಕೌಂಟಿಯ ಮತದಾರರು 2011, 2015, 2019, 2023, ಹೀಗೆ ಸತತ ನಾಲ್ಕು ಸಲ ರಿಪಬ್ಲಿಕನ್ ಪಕ್ಷದ ಮೈಕ್ ಚಾಪ್‌ಮನ್ ಅವರನ್ನೇ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ, ಆಗಿ ಆರಿಸಿದ್ದಾರೆ. ಈ ಎರಡನ್ನೂ ಒಟ್ಟಿಗಿಟ್ಟು ನೋಡದ ವರದಿ ಓದುಗರನ್ನು ದಾರಿ ತಪ್ಪಿಸುತ್ತದೆ. ಆಶ್‌ಬರ್ನ್, ಸೌತ್ ರೈಡಿಂಗ್ ಮೊದಲಾದ ಅಲ್ಲಿನ ಊರುಗಳಲ್ಲಿ ಕನ್ನಡದ ಮನೆಗಳೂ ಇರುವುದರಿಂದ ಇದನ್ನು ನಮ್ಮ ಓದುಗರಿಗೆ ಸರಿಯಾಗಿ ತಿಳಿಸುವುದು ಅಗತ್ಯ.

ಮೊದಲು ಜನಸಂಖ್ಯೆ. 1990ರ ಜನಗಣತಿಯಲ್ಲಿ ಲೌಡನ್‌ನಲ್ಲಿದ್ದವರು 86,129 ಮಂದಿ. 2000ದಲ್ಲಿ 1,69,599, 2010ರಲ್ಲಿ 3,12,311, 2020ರಲ್ಲಿ 4,20,959. ಮೂವತ್ತು ವರ್ಷದಲ್ಲಿ ಐದು ಪಟ್ಟು ಹತ್ತಿರ. ಡಲಸ್ ವಿಮಾನ ನಿಲ್ದಾಣದ ಸುತ್ತ ತಂತ್ರಜ್ಞಾನ ಕಂಪನಿಗಳು ಬಂದವು, ಪೂರ್ವದ ಹೊಲಗಳು ಬಡಾವಣೆಗಳಾದವು, ಪಶ್ಚಿಮದಲ್ಲಿ ಕುದುರೆ ಸಾಕಣೆ, ದ್ರಾಕ್ಷಿ ತೋಟ, ಹಳೆಯ ಹಳ್ಳಿಗಳು ಉಳಿದುಕೊಂಡವು. ಈಗ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಏಷ್ಯಾ ಮೂಲದವರು, ಅವರಲ್ಲಿ ಭಾರತೀಯರೇ ದೊಡ್ಡ ಗುಂಪು. ಮತದ ಲೆಕ್ಕ ಇದರ ಜೊತೆಜೊತೆಗೇ ತಿರುಗಿದೆ. 1964ರಲ್ಲಿ ಲಿಂಡನ್ ಜಾನ್ಸನ್ ಗೆದ್ದಮೇಲೆ 2008ರವರೆಗೆ ಯಾವ ಡೆಮಾಕ್ರಟಿಕ್ ಅಭ್ಯರ್ಥಿಯೂ ಇಲ್ಲಿ ಮುನ್ನಡೆ ಪಡೆದಿರಲಿಲ್ಲ. 2004ರಲ್ಲಿ ಜಾರ್ಜ್ ಬುಷ್ ಶೇ 56ರ ಹತ್ತಿರ ಪಡೆದರು. ನಾಲ್ಕೇ ವರ್ಷದಲ್ಲಿ ಒಬಾಮ ಶೇ 54ರ ಆಸುಪಾಸಿಗೆ ಬಂದರು. ಬೈಡನ್‌ಗೆ 2020ರಲ್ಲಿ ಶೇ 61ಕ್ಕೂ ಹೆಚ್ಚು. 2024ರಲ್ಲಿ ಕಮಲಾ ಹ್ಯಾರಿಸ್ ಶೇ 56–57ಕ್ಕೆ ಇಳಿದರು, ಟ್ರಂಪ್ ಶೇ 40ರ ಮಟ್ಟಕ್ಕೆ ಏರಿದರು. ಆ ರಾತ್ರಿ ಲೌಡನ್‌ನ ಎಣಿಕೆ ಬೇಗ ಮುಗಿಯಿತು. ದೇಶದ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದನ್ನು ಅನುಭವಿಗಳು ಮೊದಲು ಗುರುತಿಸಿದ ಕೌಂಟಿಗಳಲ್ಲಿ ಇದೂ ಒಂದು.

ಇಷ್ಟು ಎಲ್ಲರಿಗೂ ಸಿಗುವ ಲೆಕ್ಕ. ಕೌಂಟಿಯನ್ನು ಆಳುವವರು ಯಾರು ಎಂಬುದು ಈ ಅಂಕಿಗಳಿಂದ ತಿಳಿಯುವುದಿಲ್ಲ.

ವರ್ಜೀನಿಯಾದಲ್ಲಿ ಕೌಂಟಿ ಹುದ್ದೆಗಳ ಚುನಾವಣೆ ಬೆಸ ವರ್ಷದ ನವೆಂಬರಿನಲ್ಲಿ. ಲೌಡನ್‌ನ ಬೋರ್ಡ್ ಆಫ್ ಸೂಪರ್‌ವೈಸರ್ಸ್‌ನಲ್ಲಿ (ಕೌಂಟಿಯ ಆಡಳಿತ ಮಂಡಳಿ) ಒಂಬತ್ತು ಜನ: ಎಂಟು ಕ್ಷೇತ್ರಗಳಿಂದ ಒಬ್ಬೊಬ್ಬರು, ಇಡೀ ಕೌಂಟಿಯಿಂದ ನೇರವಾಗಿ ಆಯ್ಕೆಯಾಗುವ ಅಧ್ಯಕ್ಷರೊಬ್ಬರು. ಅವಧಿ ನಾಲ್ಕು ವರ್ಷ. 2020ರ ಜನಸಂಖ್ಯೆಯನ್ನು ಎಂಟರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 52,600 ಜನ. ದಿನನಿತ್ಯದ ಆಡಳಿತಕ್ಕೆ ಮಂಡಳಿಯೇ ಒಬ್ಬ ಆಡಳಿತಾಧಿಕಾರಿಯನ್ನು ನೇಮಿಸಿಕೊಳ್ಳುತ್ತದೆ. ನಮ್ಮ ಜಿಲ್ಲಾ ಪಂಚಾಯಿತಿಯ ಸಿಇಒ ನೆನಪಾಗಬಹುದು. ಆದರೆ ಅವರನ್ನು ಕಳಿಸುವುದು ರಾಜ್ಯ ಸರ್ಕಾರ, ಇಲ್ಲಿ ನೇಮಿಸುವುದೂ ತೆಗೆಯುವುದೂ ಮಂಡಳಿಯೇ. ಶೆರಿಫ್, ಸರ್ಕಾರಿ ಅಭಿಯೋಜಕ, ಖಜಾಂಚಿ, ಕಂದಾಯ ಆಯುಕ್ತ, ನ್ಯಾಯಾಲಯದ ಕ್ಲರ್ಕ್ ಎಂಬ ಐದು ಹುದ್ದೆಗಳಿಗೆ ರಾಜ್ಯ ಸಂವಿಧಾನದ ಪ್ರಕಾರ ಬೇರೆಯೇ ಚುನಾವಣೆ. ಇವರು ಮಂಡಳಿಯ ಕೈಕೆಳಗಿನವರಲ್ಲ. ಶೆರಿಫ್‌ಗೆ ಹಣ ಕೊಡುವುದು ಮಂಡಳಿ, ಪೊಲೀಸು ಹೇಗೆ ನಡೆಯಬೇಕೆಂದು ತೀರ್ಮಾನಿಸುವುದು ಶೆರಿಫ್. ಶಾಲಾ ಮಂಡಳಿಯ ಕತೆ ಇದಕ್ಕೆ ತಿರುಗುಮುರುಗು. ಅದೂ ಚುನಾಯಿತವೇ, ಪಠ್ಯ, ನೇಮಕಾತಿ, ಶಾಲೆಯ ಗಡಿ ಎಲ್ಲ ಅದರ ಕೈಲಿದೆ, ಆದರೆ ಒಂದು ಡಾಲರ್ ತೆರಿಗೆ ಹಾಕುವ ಅಧಿಕಾರವೂ ಇಲ್ಲ. ಪ್ರತಿ ವಸಂತದಲ್ಲಿ ಸೂಪರ್‌ವೈಸರ್‌ಗಳ ಮುಂದೆ ಹೋಗಿ ಕೇಳಬೇಕು.

ಹೊಸಬರು ಎಡವುವ ಜಾಗವೂ ಇದೇ. ಆಶ್‌ಬರ್ನ್ ಎಂಬುದು ಪುರಸಭೆಯಲ್ಲ, ಸ್ಟರ್ಲಿಂಗ್ ಕೂಡ ಅಲ್ಲ. ಅವು ಅಂಚೆ ವಿಳಾಸಗಳು ಮಾತ್ರ. ಮೇಯರ್, ಕೌನ್ಸಿಲ್ ಇರುವುದು ಲೀಸ್‌ಬರ್ಗ್, ಪರ್ಸೆಲ್‌ವಿಲ್, ಮಿಡಲ್‌ಬರ್ಗ್ ಮೊದಲಾದ ಏಳು ಟೌನುಗಳಿಗೆ. ಆಶ್‌ಬರ್ನ್‌ನ ರಸ್ತೆಯಲ್ಲಿ ಗುಂಡಿ ಬಿದ್ದರೆ ಸೂಪರ್‌ವೈಸರ್‌ಗೆ ಬರೆದು ಪ್ರಯೋಜನ ಕಡಿಮೆ. ವರ್ಜೀನಿಯಾದಲ್ಲಿ ಎರಡು ಕೌಂಟಿಗಳನ್ನು ಬಿಟ್ಟರೆ ಉಳಿದೆಡೆ ಸಾರ್ವಜನಿಕ ರಸ್ತೆಗಳ ನಿರ್ವಹಣೆ ರಾಜ್ಯದ ಸಾರಿಗೆ ಇಲಾಖೆಯದು. ಬಡಾವಣೆಯೊಳಗಿನ ಖಾಸಗಿ ರಸ್ತೆ, ಕಸದ ಗಾಡಿ ಮನೆಮಾಲೀಕರ ಸಂಘದ ಹೊಣೆ. ಇದರ ಮೇಲೆ ‘ಡಿಲನ್ ನಿಯಮ’ ಬೇರೆ. 1868ರಲ್ಲಿ ಅಯೋವಾದ ನ್ಯಾಯಾಧೀಶ ಜಾನ್ ಡಿಲನ್ ಕೊಟ್ಟ ತೀರ್ಪಿನಿಂದ ಬಂದ ತತ್ವ ಅದು: ರಾಜ್ಯ ಕೊಟ್ಟಷ್ಟೇ ಅಧಿಕಾರ ಸ್ಥಳೀಯ ಸಂಸ್ಥೆಗೆ. ಲೀಸ್‌ಬರ್ಗ್‌ನ ನ್ಯಾಯಾಲಯದ ಅಂಗಳದಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ಕಾದಾಡಿದ ದಕ್ಷಿಣದ ಸೈನಿಕನ ಪ್ರತಿಮೆ ಇತ್ತು. ಮಂಡಳಿಯಲ್ಲಿ ಬಹುಮತವಿದ್ದರೆ ಸಾಲದು, ಅದನ್ನು ತೆಗೆಯಲು ರಾಜ್ಯದ ಕಾನೂನೇ ಬದಲಾಗಬೇಕಿತ್ತು. 2020ರ ಜುಲೈನಲ್ಲಿ ಹೊಸ ಕಾನೂನು ಜಾರಿಯಾಯಿತು, ಅದೇ ತಿಂಗಳು ಪ್ರತಿಮೆ ಹೊರಟಿತು.

ಮಂಡಳಿಯ ನಿಜವಾದ ಶಕ್ತಿ ಎರಡರಲ್ಲಿದೆ: ಭೂಬಳಕೆ ಮತ್ತು ತೆರಿಗೆ ದರ. ಲೌಡನ್‌ನ ಮನೆ ತೆರಿಗೆ ಪ್ರತಿ 100 ಡಾಲರ್ ಮೌಲ್ಯಕ್ಕೆ 2012ರಲ್ಲಿ 1.235 ಡಾಲರ್ ಇತ್ತು, 2025ರಲ್ಲಿ 0.805. ಏಳು ಲಕ್ಷ ಡಾಲರ್ ಬೆಲೆ ಕಟ್ಟಿದ ಮನೆಯೊಂದನ್ನು ತೆಗೆದುಕೊಳ್ಳಿ. ಹಳೆಯ ದರದಲ್ಲಿ ವರ್ಷಕ್ಕೆ 8,645 ಡಾಲರ್, ಹೊಸ ದರದಲ್ಲಿ 5,635. ಜೂನ್ 5 ಮತ್ತು ಡಿಸೆಂಬರ್ 5ಕ್ಕೆ ಎರಡು ಕಂತು. ಮನೆಯ ಬೆಲೆಯೂ ಏರಿರುವುದರಿಂದ ಬಿಲ್ಲು ಅಷ್ಟೇ ಇಳಿದಿಲ್ಲ, ಆದರೂ ದರ ಇಳಿಸಲು ಸಾಧ್ಯವಾದದ್ದು ಡೇಟಾ ಸೆಂಟರ್‌ಗಳಿಂದ. ಆಶ್‌ಬರ್ನ್ ಸುತ್ತಮುತ್ತ ಸಾಲಾಗಿ ನಿಂತ ಆ ಕಿಟಕಿಯಿಲ್ಲದ ಕಟ್ಟಡಗಳ ಒಳಗಿನ ಸರ್ವರ್‌ಗಳಿಗೆ ಕೌಂಟಿ ಪ್ರತಿ 100 ಡಾಲರಿಗೆ 4 ಡಾಲರಿಗೂ ಹೆಚ್ಚು ತೆರಿಗೆ ಹಾಕುತ್ತದೆ. ಕಂಪನಿಗಳು ಕೆಲವೇ ವರ್ಷಕ್ಕೊಮ್ಮೆ ಯಂತ್ರ ಬದಲಿಸುತ್ತವೆ, ಹೊಸ ಯಂತ್ರಕ್ಕೆ ಹೆಚ್ಚು ಬೆಲೆ, ಹಾಗಾಗಿ ವರಮಾನ ಹರಿದುಬರುತ್ತದೆ.

ಅಪಾಯವೂ ಅಲ್ಲೇ ಇದೆ. ಸರ್ವರ್ ಹಳೆಯದಾದಂತೆ ಲೆಕ್ಕದಲ್ಲಿ ಅದರ ಮೌಲ್ಯ ವರ್ಷ ವರ್ಷ ಕುಸಿಯುತ್ತದೆ. ಕಂಪನಿಗಳು ಬದಲಾವಣೆಯನ್ನು ಒಂದು ವರ್ಷ ಮುಂದೂಡಿದರೆ ಬಜೆಟ್ಟಿನ ಅಂದಾಜು ತಲೆಕೆಳಗು. 2021ರ ಹಣಕಾಸು ವರ್ಷದಲ್ಲಿ ಸುಮಾರು 6 ಕೋಟಿ ಡಾಲರ್ ಖೋತಾ ಆದದ್ದು ಹೀಗೆಯೇ. ಇನ್ನೊಂದು ಕಡೆ ಮನೆಗಳ ಬೆನ್ನಿಗೇ ಎದ್ದ ಕಟ್ಟಡಗಳ ಫ್ಯಾನುಗಳ ಸದ್ದು, ತಲೆಯ ಮೇಲೆ ಹಾಯುವ ವಿದ್ಯುತ್ ತಂತಿ. ಕೈಗಾರಿಕಾ ವಲಯದಲ್ಲಿ ಅನುಮತಿ ಕೇಳದೆಯೇ ಡೇಟಾ ಸೆಂಟರ್ ಕಟ್ಟಬಹುದಾದ ಹಕ್ಕನ್ನು ಮಂಡಳಿ 2025ರ ಮಾರ್ಚಿನಲ್ಲಿ ರದ್ದುಮಾಡಿತು. ಇನ್ನು ಮುಂದೆ ಪ್ರತಿ ಹೊಸ ಅರ್ಜಿಗೂ ಸಾರ್ವಜನಿಕ ವಿಚಾರಣೆ ನಡೆಯಬೇಕು.

ಇಂಥ ಪ್ರಶ್ನೆಗಳು ಪಕ್ಷದ ಗೆರೆಯ ಮೇಲೆ ನಡೆಯುವುದಿಲ್ಲ. ವಾಷಿಂಗ್ಟನ್ ಮೆಟ್ರೊ ರೈಲಿನ ಸಿಲ್ವರ್ ಲೈನ್ ಲೌಡನ್‌ಗೆ ಬರಬೇಕೇ ಎಂದು 2012ರ ಜುಲೈನಲ್ಲಿ ಮತಕ್ಕೆ ಹಾಕಿದಾಗ ಮಂಡಳಿಯ ಒಂಬತ್ತೂ ಜನ ರಿಪಬ್ಲಿಕನ್ನರು. ಮತ ಬಿದ್ದದ್ದು 5–4. ಒಂದು ಮತದ ಅಂತರದಲ್ಲಿ ಒಪ್ಪಿಗೆ ಸಿಕ್ಕಿತು, 2022ರ ನವೆಂಬರ್ 15ರಂದು ಆಶ್‌ಬರ್ನ್‌ಗೆ ರೈಲು ಬಂತು.

ಈಗ ಮತಪತ್ರಕ್ಕೆ ಬರೋಣ. 2023ರ ನವೆಂಬರಿನ ಮತಪತ್ರ ಕಾಗದದ ಹಾಳೆ. ಬರೀ ಪರದೆಯ ಮೇಲೆ ಒತ್ತುವ ಯಂತ್ರಗಳನ್ನು ವರ್ಜೀನಿಯಾ 2017ರಲ್ಲೇ ಕೈಬಿಟ್ಟಿತು. ಹೆಸರಿನ ಪಕ್ಕದ ಅಂಡಾಕಾರದ ಚುಕ್ಕೆಯನ್ನು ಪೂರ್ತಿ ತುಂಬಿ ಸ್ಕ್ಯಾನರ್‌ಗೆ ಹಾಕಬೇಕು. ರಾಜ್ಯ ಸೆನೆಟ್, ಪ್ರತಿನಿಧಿ ಸಭೆಯ ಅಭ್ಯರ್ಥಿಗಳ ಹೆಸರಿನ ಜೊತೆ ಪಕ್ಷವೂ ಅಚ್ಚಾಗಿರುತ್ತದೆ. ಕೌಂಟಿ ಹುದ್ದೆಗಳಿಗೆ ಬಂದಾಗ ಪಕ್ಷದ ಹೆಸರೇ ಇಲ್ಲ! ರಾಜ್ಯದ ಕಾನೂನೇ ಹಾಗೆ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲದಿದ್ದರೂ ಯಾರು ಯಾವ ಕಡೆಯವರೆಂದು ಊರಿಗೇ ಗೊತ್ತಿರುತ್ತದೆ. 52 ಸಾವಿರ ಜನರ ಕ್ಷೇತ್ರದಲ್ಲಿ, ಅದರಲ್ಲೂ ನಾಲ್ಕೈದು ವರ್ಷದ ಹಿಂದೆ ಬಂದ ಮತದಾರನಿಗೆ ಗೊತ್ತಿರುವುದಿಲ್ಲ. ಅದಕ್ಕೇ ಮತಗಟ್ಟೆಯ ಬಾಗಿಲಿನಿಂದ 40 ಅಡಿ ಆಚೆ ನಿಂತು ಎರಡೂ ಪಕ್ಷದವರು ಮಾದರಿ ಮತಪತ್ರ ಹಂಚುತ್ತಾರೆ. ಅದನ್ನು ಕೈಗೆ ತೆಗೆದುಕೊಳ್ಳದವರು ಪರಿಚಿತ ಹೆಸರಿಗೆ ಗುರುತು ಹಾಕುತ್ತಾರೆ, ಇಲ್ಲವೇ ಕೆಳಗಿನ ಸಾಲುಗಳನ್ನು ಖಾಲಿ ಬಿಟ್ಟು ಹೋಗುತ್ತಾರೆ. ವರ್ಜೀನಿಯಾದಲ್ಲಿ ಮತದಾರರ ಪಟ್ಟಿಗೆ ಸೇರುವಾಗ ಪಕ್ಷ ನಮೂದಿಸುವ ಪದ್ಧತಿಯೂ ಇಲ್ಲ ಎಂಬುದನ್ನು ಇದಕ್ಕೆ ಸೇರಿಸಿಕೊಳ್ಳಿ.

ಆ ದಿನದ ಫಲಿತಾಂಶ ಹೀಗಿತ್ತು: ಮಂಡಳಿಯಲ್ಲಿ ಡೆಮಾಕ್ರಟರಿಗೆ ಸ್ಪಷ್ಟ ಬಹುಮತ, ಅಧ್ಯಕ್ಷೆ ಫಿಲಿಸ್ ರ‍್ಯಾಂಡಲ್ ಮೂರನೆಯ ಸಲ ಆಯ್ಕೆ. ಅದೇ ಹಾಳೆಯ ಮೇಲೆ, ಅದೇ ಮತದಾರರಿಂದ, ಶೆರಿಫ್ ರಿಪಬ್ಲಿಕನ್. ಸರ್ಕಾರಿ ಅಭಿಯೋಜಕರ ಹುದ್ದೆಯಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಬೂಟಾ ಬಿಬೆರಾಜ್ ಸೋತರು, ರಿಪಬ್ಲಿಕನ್ ಬಾಬ್ ಆ್ಯಂಡರ್ಸನ್ ಗೆದ್ದರು. ಲಕ್ಷಕ್ಕೂ ಹೆಚ್ಚು ಮತ ಬಿದ್ದ ಸ್ಪರ್ಧೆಯಲ್ಲಿ ಅಂತರ ಮುನ್ನೂರರ ಆಸುಪಾಸು. ಮನೆ ತೆರಿಗೆ ಮತ್ತು ಶಾಲೆಗೆ ಒಂದು ಪಕ್ಷ, ಪೊಲೀಸು ಮತ್ತು ಅಪರಾಧಕ್ಕೆ ಇನ್ನೊಂದು ಪಕ್ಷ ಎಂದು ವಿಂಗಡಿಸಿ ಮತ ಹಾಕುವವರು ಇಲ್ಲಿ ಕೆಲವು ಸಾವಿರ ಇದ್ದಾರೆ. ಬಿಗಿ ಸ್ಪರ್ಧೆಯನ್ನು ತೀರ್ಮಾನಿಸುವವರು ಅವರೇ. ಭಾರತೀಯ ಮೂಲದ ಮತದಾರರನ್ನು ಒಂದೇ ಪಕ್ಷದ ಮತಬ್ಯಾಂಕ್ ಎಂದು ಬರೆಯುವಾಗ ಈ ಹಾಳೆಯನ್ನು ಎದುರಿಗಿಟ್ಟುಕೊಳ್ಳಬೇಕು.

ಇನ್ನೊಂದು ತಪ್ಪನ್ನು ಹೇಳಲೇಬೇಕು. 2021ರಲ್ಲಿ ಲೌಡನ್‌ನ ಶಾಲಾ ಮಂಡಳಿ ಸಭೆಗಳ ಗದ್ದಲ ಟಿ.ವಿ.ಯಲ್ಲಿ ದೇಶಕ್ಕೆಲ್ಲ ಕಂಡಿತು. ಆ ನವೆಂಬರಿನಲ್ಲಿ ರಿಪಬ್ಲಿಕನ್ ಪಕ್ಷದ ಗ್ಲೆನ್ ಯಂಗ್‌ಕಿನ್ ರಾಜ್ಯಪಾಲರಾಗಿ ಆಯ್ಕೆಯಾದರು. (ಅಲ್ಲಿ ರಾಜ್ಯಪಾಲರೆಂದರೆ ಜನ ಆರಿಸುವ, ನಮ್ಮ ಮುಖ್ಯಮಂತ್ರಿಗೆ ಸಮನಾದ ಹುದ್ದೆ.) ‘ಲೌಡನ್ ತಿರುಗಿಬಿದ್ದದ್ದರಿಂದ ಗೆದ್ದರು’ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಲೌಡನ್‌ನಲ್ಲಿ ಅವರು ಸೋತರು. ಎದುರಾಳಿ ಟೆರಿ ಮೆಕಾಲಿಫ್ ಶೇ 55ರಷ್ಟು ಪಡೆದರು. ನಾಲ್ಕು ವರ್ಷದ ಹಿಂದೆ ಡೆಮಾಕ್ರಟರಿಗೆ ಶೇ 60ರ ಹತ್ತಿರ ಬಂದಿತ್ತು. ಅಂದರೆ ಮುನ್ನಡೆ 20ರಿಂದ 11ಕ್ಕೆ ಕುಗ್ಗಿತು, ರಾಜ್ಯಮಟ್ಟದಲ್ಲಿ ಯಂಗ್‌ಕಿನ್‌ಗೆ ಆ ಕುಗ್ಗುವಿಕೆ ನೆರವಾಯಿತು. ಸೋಲು ಗೆಲುವಿನ ಬಣ್ಣಕ್ಕಿಂತ ಅಂತರವನ್ನು ನೋಡಿ ಎಂದು ಹೇಳುವುದು ಇದಕ್ಕೇ.

ಮತಗಟ್ಟೆವಾರು ಅಂಕಿ ಓದುವಾಗಲೂ ಎಚ್ಚರ ಬೇಕು. ವರ್ಜೀನಿಯಾದಲ್ಲಿ 45 ದಿನ ಮೊದಲೇ ಮತದಾನ ಶುರುವಾಗುತ್ತದೆ, ಕಾರಣ ಹೇಳಬೇಕಿಲ್ಲ. ಹಿಂದೆ ಈ ಮುಂಗಡ ಮತಗಳನ್ನೂ ಅಂಚೆ ಮತಗಳನ್ನೂ ಒಂದೇ ಕೇಂದ್ರದ ಲೆಕ್ಕಕ್ಕೆ ಹಾಕುತ್ತಿದ್ದರು. 2020ರಲ್ಲಿ ಮುಂಗಡ ಮತ ಹಾಕಿದವರಲ್ಲಿ ಡೆಮಾಕ್ರಟರು ಹೆಚ್ಚು, ಚುನಾವಣಾ ದಿನ ಬಂದವರಲ್ಲಿ ರಿಪಬ್ಲಿಕನ್ನರು ಹೆಚ್ಚು. ಹಾಗಾಗಿ ಆ ವರ್ಷದ ಮತಗಟ್ಟೆ ನಕ್ಷೆಯಲ್ಲಿ ಊರುಗಳು ಇದ್ದದ್ದಕ್ಕಿಂತ ಕೆಂಪಾಗಿ ಕಾಣುತ್ತವೆ. ಈಗ ಕಾನೂನು ಬದಲಾಗಿದೆ, ಮುಂಗಡ ಮತವನ್ನೂ ಆಯಾ ಮತಗಟ್ಟೆಗೇ ಸೇರಿಸಿ ಪ್ರಕಟಿಸುತ್ತಾರೆ. 2020ರ ನಕ್ಷೆಯ ಪಕ್ಕ 2024ರ ನಕ್ಷೆಯಿಟ್ಟು ‘ಈ ಬಡಾವಣೆ ಬದಲಾಯಿತು’ ಎಂದು ಬರೆದರೆ ತಪ್ಪಾಗುತ್ತದೆ. ಮೊದಲ ರಾತ್ರಿಯ ಅಂಕಿಯೂ ಕೊನೆಯದಲ್ಲ. ಚುನಾವಣಾ ದಿನದೊಳಗೆ ಅಂಚೆ ಮುದ್ರೆ ಬಿದ್ದ ಮತ ಮೂರನೆಯ ದಿನ ಮಧ್ಯಾಹ್ನ 12ರವರೆಗೆ ಬಂದರೂ ಎಣಿಕೆಗೆ ಸೇರುತ್ತದೆ. ಚುನಾವಣಾ ದಿನದಂದೇ ಹೆಸರು ನೋಂದಾಯಿಸಿದವರ ತಾತ್ಕಾಲಿಕ ಮತಗಳನ್ನು ಮೂವರ ಚುನಾವಣಾ ಮಂಡಳಿ ಒಂದೊಂದಾಗಿ ಪರಿಶೀಲಿಸುತ್ತದೆ. ಮುನ್ನೂರು ಮತದ ಅಂತರವಿರುವ ಕಡೆ ಈ ಮೂರ್ನಾಲ್ಕು ದಿನ ಕಾಯದೆ ವಿಶ್ಲೇಷಣೆ ಬರೆಯಬಾರದು.

ಬೆಂಗಳೂರಿನ ನಂಟಿರುವ ಕುಟುಂಬದ ಸುಹಾಸ್ ಸುಬ್ರಮಣ್ಯಂ 2024ರಲ್ಲಿ ಲೌಡನ್ ಒಳಗೊಂಡ 10ನೇ ಕ್ಷೇತ್ರದಿಂದ ಅಮೆರಿಕದ ಸಂಸತ್ತಿಗೆ ಆಯ್ಕೆಯಾಗಿ, ಭಗವದ್ಗೀತೆಯ ಮೇಲೆ ಪ್ರಮಾಣ ಸ್ವೀಕರಿಸಿದ್ದು ಇಲ್ಲಿ ಸುದ್ದಿಯಾಯಿತು. ಅವರು 2019ರಲ್ಲಿ ರಾಜ್ಯದ ಕೆಳಮನೆಗೆ, 2023ರಲ್ಲಿ ಮೇಲ್ಮನೆಗೆ ಗೆದ್ದದ್ದು ಎರಡೂ ಬೆಸ ವರ್ಷಗಳಲ್ಲಿ. ಆಗ ನಾವು ಯಾರೂ ಆ ಕಡೆ ನೋಡಿರಲಿಲ್ಲ.

ಲೌಡನ್‌ನ ಒಂಬತ್ತು ಸೂಪರ್‌ವೈಸರ್ ಸ್ಥಾನಗಳಿಗೆ, ಶೆರಿಫ್ ಮತ್ತು ಅಭಿಯೋಜಕ ಹುದ್ದೆಗಳಿಗೆ ಮುಂದಿನ ಚುನಾವಣೆ 2027ರ ನವೆಂಬರ್ 2ರಂದು. ನಿಮ್ಮ ವಿದೇಶ ಪುಟದಲ್ಲಿ ಆ ವಾರ ಎರಡು ಕಾಲಂ ಜಾಗ ತೆಗೆದಿಡಿ ಎಂದು ಕೋರುತ್ತೇನೆ.

ಇತಿ,
ನಿಮ್ಮ ಓದುಗ