ಬಾಗಿಲು ತೆರೆಯಿತು ಅಂದೆಯಲ್ಲ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಲ್ಲಿ ನೀನು "ದೊಡ್ಡಮ್ಮಾ, ಬಾಗಿಲು ತೆರೆಯಿತು!" ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಸ್ನಾಯುವಿನಲ್ಲಿ ಆಮ್ಲಜನಕ ಕೂಡಿಡುವ ಮಾಯೋಗ್ಲೋಬಿನ್ ಎಂಬ ಪ್ರೋಟೀನ್‌ನ ಅಲುಗಾಟವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕಹಾಕಿ ಓಡಿಸಿದಾಗ, ಆಮ್ಲಜನಕ ಒಳಗೆ ಹೋಗುವ ಬಾಗಿಲು ತೆರೆದದ್ದು ಕಂಡೆಯಲ್ಲ, ತುಂಬಾ ಖುಷಿಯಾಯಿತು. ಆದರೆ ಆ ವಿಡಿಯೋನ ನಿನ್ನ ಗೈಡ್‌ಗೆ ಕಳಿಸುವ ಮೊದಲು ಇದನ್ನು ಓದಿಬಿಡು.

ನೀನು ಹಿಡಿದಿರುವ ಪ್ರಶ್ನೆ ಬಹಳ ಒಳ್ಳೆಯದು. ತಿಮಿಂಗಿಲದ ಸ್ನಾಯುವಿನಿಂದ ತೆಗೆದ ಮಾಯೋಗ್ಲೋಬಿನ್‌ನ ರಚನೆ ಹೇಗಿದೆ ಎಂದು ಕೆಂಡ್ರೂ ಎಂಬ ವಿಜ್ಞಾನಿಯ ಗುಂಪು 1958ರಲ್ಲಿ ಮೊದಲ ಸಲ ತೋರಿಸಿತು. ಆಮೇಲೆ ಇನ್ನೂ ಸ್ಪಷ್ಟವಾದ ಚಿತ್ರಗಳು ಬಂದವು, ಆದರೆ ಅವುಗಳಲ್ಲಿ ಆಮ್ಲಜನಕ ಒಳಗಿನ, ಅದನ್ನು ಹಿಡಿದಿಡುವ ಕಬ್ಬಿಣವಿರುವ ಹೀಮ್‌ವರೆಗೆ ಹೋಗಲು ಸಾಕಾಗುವಷ್ಟು ದಾರಿಯೇ ಕಾಣಲಿಲ್ಲ! ಪ್ರೋಟೀನ್ ಕಲ್ಲಿನ ಹಾಗೆ ನಿಂತಿದ್ದರೆ ಉಸಿರು ಒಳಗೆ ಸೇರುತ್ತಲೇ ಇರಲಿಲ್ಲ. ಅದು ಅಲುಗಾಡುವುದರಿಂದಲೇ ಕೆಲಸ ನಡೆಯುತ್ತದೆ, ಅಲ್ವಾ? ಆ ಅಲುಗಾಟದಲ್ಲಿ ಬಾಗಿಲಿನ ಹಾಗೆ ಆಡುವುದು ನಿನ್ನ 64ನೇ ಹಿಸ್ಟಿಡಿನ್, ಪ್ರೋಟೀನ್ ಸರಪಳಿಯ 64ನೇ ಅಮೈನೋ ಆಮ್ಲ.

ಈಗ ನನ್ನ ಕಥೆ ಕೇಳು. ನಿನ್ನ ವಯಸ್ಸಿನಲ್ಲಿ ನಾನೂ ಇದೇ ಪ್ರೋಟೀನ್ ಓಡಿಸಿದ್ದೆ. ಮೂರು ವಾರದ ಓಟ, ಬಾಗಿಲು ತೆರೆದೇ ನಿಂತಿತ್ತು, ನಾನು ಹೊಸದೇನೋ ಸಿಕ್ಕಿತು ಎಂದು ನಂಬಿ ಅರ್ಧ ಪೇಪರ್ ಬರೆದೂ ಆಗಿತ್ತು. ಆಮೇಲೆ ನೋಡಿದರೆ ಆ ಹಿಸ್ಟಿಡಿನ್‌ನ ಎರಡೂ ನೈಟ್ರೋಜನ್‌ಗಳ ಮೇಲೆ ಹೈಡ್ರೋಜನ್ ಇತ್ತು. ಹುಳಿ ಜಾಸ್ತಿಯಾದ ದ್ರಾವಣದಲ್ಲಿ ಅದು ನಿಜವಾಗಿಯೂ ಹೊರಗೆ ತಿರುಗಿಕೊಳ್ಳುತ್ತದೆ, ಆದರೆ ನಾನು ಕೇಳುತ್ತಿದ್ದುದು ಸ್ನಾಯುವಿನೊಳಗಿನ ಸ್ಥಿತಿ. ಎಕ್ಸ್‌ರೇ ರಚನೆಯಲ್ಲಿ ಹೈಡ್ರೋಜನ್ ಸಾಮಾನ್ಯವಾಗಿ ಕಾಣುವುದಿಲ್ಲ. ಎಲ್ಲಿ ಕೂರಿಸಬೇಕೆಂದು ನೀನು ಹೇಳದಿದ್ದರೆ ಓಟ ನಡೆಸುವ ಗ್ರೋಮ್ಯಾಕ್ಸ್ ಸಾಫ್ಟ್‌ವೇರ್ ತಾನೇ ಊಹಿಸಿ ಕೂರಿಸುತ್ತದೆ. ಆಮ್ಲಜನಕವನ್ನು ಹಿಡಿದುಕೊಳ್ಳುವುದು ಹೀಮ್ ಕಡೆಗಿರುವ ಎಪ್ಸಿಲಾನ್ ನೈಟ್ರೋಜನ್‌ನ ಹೈಡ್ರೋಜನ್. ಅದು ಇನ್ನೊಂದು ನೈಟ್ರೋಜನ್ ಆದ ಡೆಲ್ಟಾಕ್ಕೆ ಹೋಗಿ ಕೂತರೆ ನಿನ್ನ ಬಾಗಿಲಿನ ಚಿಲಕವೇ ಹೋದಂತೆ. ಮೊದಲು ಆ ಫೈಲ್ ತೆಗೆದು ನಿನ್ನ ಕಣ್ಣಿಂದಲೇ ನೋಡು, ಪುಟ್ಟಿ.

ಅದು ಸರಿಯಿದೆ ಅಂತಲೇ ಇಟ್ಟುಕೊಳ್ಳೋಣ. 500 ನ್ಯಾನೋಸೆಕೆಂಡ್‌ನಲ್ಲಿ ಬಾಗಿಲು ಎಷ್ಟು ಸಲ ತೆರೆದು ಮುಚ್ಚಿತು? ಒಂದೇ ಸಲ ಅಂದ ಹಾಗಿತ್ತು. ಹಾಗಾದರೆ ಅದು ತೆರೆಯಬಲ್ಲದು ಎಂದಷ್ಟೇ ಹೇಳು, ಎಷ್ಟು ಹೊತ್ತಿಗೊಮ್ಮೆ ತೆರೆಯುತ್ತದೆ ಎಂದು ದಯವಿಟ್ಟು ಲೆಕ್ಕ ಹಾಕಬೇಡ. ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ, ಫೆಮ್ಟೋಸೆಕೆಂಡ್ ಅದರ ಹತ್ತು ಲಕ್ಷದಲ್ಲೊಂದು. ಎರಡು ಫೆಮ್ಟೋಸೆಕೆಂಡ್‌ನ ಹೆಜ್ಜೆಯಲ್ಲಿ ನಿನ್ನದು 25 ಕೋಟಿ ಹೆಜ್ಜೆ, ಕೇಳಲು ದೊಡ್ಡದೇ, ಆದರೂ ಪ್ರೋಟೀನ್‌ನ ಎಷ್ಟೋ ಕೆಲಸಗಳು ಮಿಲಿಸೆಕೆಂಡ್‌ ಹಿಡಿಯುತ್ತವೆ. 1977ರಲ್ಲಿ ಮೆಕ್‌ಕ್ಯಾಮನ್, ಗೆಲಿನ್, ಕಾರ್ಪ್ಲಸ್ ಸೇರಿ 58 ಅಮೈನೋ ಆಮ್ಲಗಳ ಒಂದು ಪುಟ್ಟ ಪ್ರೋಟೀನನ್ನು ಸುತ್ತ ನೀರೂ ಇಲ್ಲದೆ 9.2 ಪಿಕೋಸೆಕೆಂಡ್ (ನ್ಯಾನೋಸೆಕೆಂಡಿನ ಸಾವಿರದಲ್ಲೊಂದು ಭಾಗ ಒಂದು ಪಿಕೋಸೆಕೆಂಡ್) ಓಡಿಸಿದರು. 2010ರಲ್ಲಿ ಆಂಟನ್ ಎಂಬ, ಇದಕ್ಕೆಂದೇ ಕಟ್ಟಿದ ಯಂತ್ರ ಅದೇ ಪ್ರೋಟೀನನ್ನು ನೀರಿನಲ್ಲಿಟ್ಟು ಒಂದು ಮಿಲಿಸೆಕೆಂಡ್ ಓಡಿಸಿತು. ಸುಮಾರು ಹತ್ತು ಕೋಟಿ ಪಟ್ಟು ಉದ್ದ! ಆದರೆ ಆ ಮೊದಲ ಚಿಕ್ಕ ಓಟವೂ ವ್ಯರ್ಥವಾಗಲಿಲ್ಲ. ಪ್ರೋಟೀನ್‌ನ ಒಳಭಾಗ ದ್ರವದ ಹಾಗೆ ಚಲಿಸುತ್ತದೆ ಎಂದು ಅದರಲ್ಲೇ ಕಂಡಿತ್ತು, ಅವರು ಅದಕ್ಕಿಂತ ಜಾಸ್ತಿ ಹೇಳಿಕೊಳ್ಳಲು ಹೋಗಲಿಲ್ಲ.

ಆದ್ದರಿಂದ ಒಂದೇ ಉದ್ದದ ಓಟದ ಬದಲು ಐದು ಓಟ ಮಾಡು, ಪ್ರತಿಯೊಂದಕ್ಕೂ ಆರಂಭದ ವೇಗ ಬೇರೆ ಕೊಡು. ಆರ್‌ಎಂಎಸ್‌ಡಿ (ಆರಂಭದ ರೂಪದಿಂದ ಪ್ರೋಟೀನ್ ಎಷ್ಟು ಸರಿದಿದೆ ಎಂಬ ಅಳತೆ) ಗೆರೆ ಚಪ್ಪಟೆಯಾಯಿತು ಎಂದು ಸುಮ್ನೆ ಸಮಾಧಾನ ಪಡಬೇಡ, ಪ್ರೋಟೀನ್ ಒಂದು ಮೂಲೆಯಲ್ಲಿ ಸಿಕ್ಕಿಹಾಕಿಕೊಂಡಾಗಲೂ ಅದು ಚಪ್ಪಟೆಯಾಗುತ್ತದೆ. ಸಾಧ್ಯವಾದರೆ ಬೇರೆ ಫೋರ್ಸ್ ಫೀಲ್ಡ್‌ನಲ್ಲೂ (ಪರಮಾಣುಗಳ ನಡುವಿನ ಬಲ ಲೆಕ್ಕಹಾಕುವ ಸೂತ್ರಗಳು) ಒಮ್ಮೆ ನೋಡು. ಎನ್‌ಎಂಆರ್‌ (ಅಣುಗಳ ಚಲನೆಯನ್ನು ಪ್ರಯೋಗದಿಂದ ಅಳೆಯುವ ವಿಧಾನ) ಮಾಡುವವರು ನಿಮ್ಮ ವಿಭಾಗದಲ್ಲೇ ಇದ್ದಾರಲ್ಲ, ನಾಚಿಕೆ ಬಿಟ್ಟು ಹೋಗಿ ಮಾತಾಡು. (ಪರದೆಯ ಮೇಲೆ ಪ್ರೋಟೀನ್ ಎರಡು ತುಂಡಾದ ಹಾಗೆ ಕಂಡರೆ ಹೆದರಬೇಡ, ಅದು ಲೆಕ್ಕದಲ್ಲಿ ಸುತ್ತ ಹಾಕಿದ ಪೆಟ್ಟಿಗೆಯ ಒಂದು ಗೋಡೆ ದಾಟಿ ಇನ್ನೊಂದು ಕಡೆಯಿಂದ ಬಂದಿರುತ್ತದೆ, ಅಷ್ಟೇ.)

ಗೈಡ್‌ಗೆ ಏನು ಹೇಳಲಿ ಅನ್ನುತ್ತೀಯಾ? ಒಂದು ಸಲ ತೆರೆದಿದೆ, ಇನ್ನೂ ನಾಲ್ಕು ಓಟ ಬೇಕು, ಕಂಪ್ಯೂಟರ್ ಕ್ಲಸ್ಟರ್‌ನಲ್ಲಿ ಸಮಯ ಕೊಡಿಸಿ ಎಂದು ನೇರವಾಗಿ ಕೇಳು.

ಯುಗಾದಿಗೆ ಬರುವಾಗ ಲ್ಯಾಪ್‌ಟಾಪ್ ತಾ, ಮರೆಯಬೇಡ. ಊಟ ಆದಮೇಲೆ ಆ 64ನೇ ಹಿಸ್ಟಿಡಿನನ್ನು ಇಬ್ಬರೂ ಕೂತು ನೋಡೋಣ.

ನಿನ್ನ
ದೊಡ್ಡಮ್ಮ