ನೆಲದ ಹೆಪ್ಪು ಬಿಡುವ ತನಕ ತಾಳು

ಚಿ. ಸುಹಾಸನಿಗೆ ಮಾವ ಮಾಡುವ ಆಶೀರ್ವಾದಗಳು.

ನೀನು ನೆಲದಡಿಯ ಹಳೆಯ ನಾಣ್ಯ ಹುಡುಕಲು ಹೊಸ ಮೆಟಲ್ ಡಿಟೆಕ್ಟರ್ ಕೊಂಡು ಚಳಿಗಾಲವಿಡೀ ಅದರ ಮುಖ ನೋಡುತ್ತಾ ಕೂತಿದ್ದೀಯಂತೆ, ನಿಮ್ಮಮ್ಮ ಹೇಳಿದಳು. ಸೇಂಟ್ ಪಾಲ್‌ನಲ್ಲಿ ಹಿಮ ಕರಗಿ ಹುಲ್ಲು ಕಾಣಿಸಿದೆ, ಈ ಶನಿವಾರವೇ ಹೊರಡಲೇ ಅಂತ ಕೇಳಿದ್ದೀಯ. ಬೇಡ, ತಾಳು. ಮಾರ್ಚ್ ಇನ್ನೂ ಮುಗಿದಿಲ್ಲ.

ಹಿಮ ಹೋದ ಮಾತ್ರಕ್ಕೆ ನೆಲದ ಹೆಪ್ಪು ಹೋಯಿತು ಅಂದುಕೊಳ್ಳಬೇಡ. ಬಿಸಿಲಿಗೆ ಮೇಲಿನ ಎರಡು ಮೂರು ಇಂಚು ಮೊದಲು ಕರಗುತ್ತದೆ. ಭೂಮಿಯ ಶಾಖಕ್ಕೆ ತಳದಿಂದಲೂ ನಿಧಾನವಾಗಿ ಕರಗುತ್ತಾ ಬರುತ್ತದೆ. ನಡುವಿನ ಗಟ್ಟಿ ಪದರ ಮಾತ್ರ ಕೊನೆಯವರೆಗೂ ಉಳಿಯುತ್ತದೆ. ಅಮೆರಿಕದ ಈ ಮಿನ್ನೆಸೋಟ ರಾಜ್ಯದ ದಕ್ಷಿಣ ಭಾಗದಲ್ಲಿ ಮನೆಯ ಪಾಯ 42 ಇಂಚು, ಉತ್ತರದಲ್ಲಿ 60 ಇಂಚು ಆಳಕ್ಕೆ ಹೋಗಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ, ಇಲ್ಲಿ ಹೆಪ್ಪು ಅಷ್ಟು ಆಳಕ್ಕೆ ಇಳಿಯಬಲ್ಲದು. ಆ ಪದರ ಇರುವ ತನಕ ಕರಗಿದ ನೀರು ಕೆಳಕ್ಕೆ ಇಂಗಲು ದಾರಿಯಿಲ್ಲ, ಮೇಲಿನ ಮಣ್ಣಲ್ಲೇ ನಿಂತು ಅದನ್ನು ಕೆಸರು ಮಾಡುತ್ತದೆ. ಇದೇ ಕಾರಣಕ್ಕೆ ಪ್ರತಿ ವಸಂತದಲ್ಲೂ ರಾಜ್ಯದ ಸಾರಿಗೆ ಇಲಾಖೆ ಲಾರಿಗಳ ಭಾರಕ್ಕೆ ಮಿತಿ ಹಾಕುತ್ತದೆ. ಟಾರು ರಸ್ತೆಯೇ ತಡೆಯದ ಕಾಲದಲ್ಲಿ ಯಾರದೋ ಮನೆಯ ಹುಲ್ಲುಹಾಸು ನಿನ್ನ ಬೂಟನ್ನು ತಡೆದೀತೇ? ನೀನು ಬಿಟ್ಟು ಬಂದ ಹೆಜ್ಜೆಗುರುತು ಜೂನ್‌ನಲ್ಲೂ ಗುಂಡಿಯಾಗಿಯೇ ಇರುತ್ತದೆ.

ಡಿಟೆಕ್ಟರ್ ಇದನ್ನೆಲ್ಲ ಹೇಳುವುದಿಲ್ಲ. ಹೆಪ್ಪುಗಟ್ಟಿದ ನೆಲದ ಮೇಲೂ ಅದು ಚೆನ್ನಾಗಿಯೇ ಕೂಗುತ್ತದೆ. ಆರು ಇಂಚಿನ ಕೆಳಗೆ 1965ಕ್ಕಿಂತ ಹಿಂದಿನ ಬೆಳ್ಳಿ ಡೈಮ್, ಅಂದರೆ ಹತ್ತು ಸೆಂಟಿನ ನಾಣ್ಯ, ಇದೆ ಅನ್ನುವ ಹಾಗೆ ಸದ್ದು ಬಂದರೆ ಯಾರಿಗಾದರೂ ಕೈ ತಡೆಯುವುದು ಕಷ್ಟ. ಆದರೆ ಅಗೆಯುವ ಚಾಕುವಿನ ಅಲಗು ನಾಲ್ಕು ಇಂಚಿಗೆ ಕಲ್ಲಿನಂಥ ಮಣ್ಣಿಗೆ ತಾಗಿ ನಿಲ್ಲುತ್ತದೆ, ನೀನು ಮೀಟುತ್ತೀಯ, ಹುಲ್ಲಿನ ಹೆಂಟೆ ಬೇರುಸಹಿತ ಚೂರಾಗುತ್ತದೆ. ಚೂರಾದ ಹೆಂಟೆಯನ್ನು ಎಷ್ಟು ಜೋಡಿಸಿಟ್ಟರೂ ಅಲ್ಲಿ ಹುಲ್ಲು ಒಣಗಿ ಹಳದಿ ಮಚ್ಚೆಯಾಗುತ್ತದೆ. ಮನೆಯವರು ಮತ್ತೆ ಯಾರನ್ನೂ ಒಳಗೆ ಬಿಡುವುದಿಲ್ಲ. ಅಂಥ ಸದ್ದು ಬಂದರೆ ಜಾಗ ಗುರುತು ಮಾಡಿಕೊಂಡು ಮನೆಗೆ ಹೋಗು. ಅಷ್ಟು ವರ್ಷ ಮಲಗಿದ ನಾಣ್ಯ ಇನ್ನೆರಡು ವಾರಕ್ಕೆ ಎಲ್ಲಿಗೂ ಹೋಗುವುದಿಲ್ಲ.

ಪರೀಕ್ಷೆಗೆ ಒಂದು ಉದ್ದನೆಯ ಸ್ಕ್ರೂಡ್ರೈವರ್ ಸಾಕು. ಬೆಳಗಿನ ಹೊತ್ತು ಚುಚ್ಚು, ಮಧ್ಯಾಹ್ನದ ಬಿಸಿಲು ಮೇಲ್ಮಣ್ಣನ್ನು ಮೆತ್ತಗೆ ಮಾಡಿ ಸುಳ್ಳು ಹೇಳಿಸುತ್ತದೆ. ಅಂಗೈ ಬಲಕ್ಕೆ ಎಂಟು ಇಂಚು ಸರಾಗವಾಗಿ ಇಳಿಯಬೇಕು, ನಡುವೆ ಟಕ್ ಎಂದು ತಡೆಯಬಾರದು. ಇಳಿಯಿತೆಂದರೂ ಅರ್ಧ ಕೆಲಸವೇ ಆದದ್ದು. ಆಮೇಲೆ ನಾಲ್ಕು ಇಂಚಿನ ಕೆಳಗಿಂದ ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಂಡು, ಹೆಬ್ಬೆರಳಿನಿಂದ ಉಂಡೆಯನ್ನು ಒತ್ತು. ಬೆರಳಚ್ಚು ಮೂಡಿ ಉಂಡೆ ಹಾಗೇ ಉಳಿದರೆ ಇನ್ನೂ ಹಸಿ. ಬಿರುಕು ಬಿಟ್ಟು ಪುಡಿಯಾದರೆ ಹದಕ್ಕೆ ಬಂದಿದೆ. ಮಳೆ ನಿಂತ ಮೇಲೆ ಎರೆ ಹೊಲಕ್ಕೆ ಕುಂಟೆ ಹೂಡುವ ಮೊದಲು ನಿಮ್ಮಜ್ಜ ಮಾಡುತ್ತಿದ್ದ ಪರೀಕ್ಷೆಯೂ ಇದೇ.

ಒಂದೇ ಅಂಗಳದಲ್ಲಿ ಎಲ್ಲ ಕಡೆ ಒಟ್ಟಿಗೆ ಹೆಪ್ಪು ಬಿಡುವುದಿಲ್ಲ. ದಕ್ಷಿಣದ ಗೋಡೆಯ ಬುಡ ಮೊದಲು, ಮನೆಯ ಉತ್ತರದ ನೆರಳು ಮತ್ತು ಸ್ಪ್ರೂಸ್ ಮರದಡಿ ಕೊನೆಗೆ. ಮರಳು ಮಣ್ಣು ಬೇಗ ನೀರು ಬಿಡುತ್ತದೆ, ಜೇಡಿಗೆ ಇನ್ನಷ್ಟು ದಿನ ಬೇಕು. ಹಿಮ ದಪ್ಪವಾಗಿ ಹೊದ್ದಿದ್ದ ಜಾಗದಲ್ಲಿ ಹೆಪ್ಪು ಅಷ್ಟು ಆಳಕ್ಕೆ ಇಳಿದಿರುವುದಿಲ್ಲ. ಚಳಿಗಾಲವಿಡೀ ಹಿಮ ಗುಡಿಸಿದ ಕಾಲುದಾರಿಯ ಪಕ್ಕದಲ್ಲಿ ಆಳಕ್ಕೆ ಇಳಿದಿರುತ್ತದೆ. ಹಳೆಯ ನಾಣ್ಯಗಳು ಹೆಚ್ಚಾಗಿ ಸಿಗುವುದು ಅಂಥ ದಾರಿಯಂಚಿನಲ್ಲೇ, ಹಾಗಾಗಿ ಅಲ್ಲಿ ಅವಸರ ಬೇಡವೇ ಬೇಡ.

ನೀನು ಹೇಳಿದ ಮೆಕ್ಕೆಜೋಳದ ಹೊಲಕ್ಕೆ ಅವಕಾಶ ಬಲು ಚಿಕ್ಕದು, ಮಣ್ಣು ಒಣಗಿದ ಮೇಲೆ ಬಿತ್ತನೆಯ ತನಕ ಮಾತ್ರ. ಬಿತ್ತನೆ ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಶುರುವಾಗುತ್ತದೆ. ಯಾವ ದಿನ ಬರಲಿ ಅಂತ ರೈತನನ್ನೇ ಕೇಳು. ಅವನ ಟ್ರ್ಯಾಕ್ಟರ್ ಹೊಲಕ್ಕೆ ಇಳಿಯದ ದಿನ ನೀನೂ ಇಳಿಯಬಾರದು.

ಇನ್ನು ಕೆಲವು ಜಾಗಕ್ಕೆ ಋತುವೇ ಇಲ್ಲ. ರಾಜ್ಯದ ಪಾರ್ಕುಗಳಲ್ಲಿ ಡಿಟೆಕ್ಟರ್ ಹಿಡಿಯುವಂತಿಲ್ಲ. ನಿನ್ನೂರಿನಲ್ಲೇ ಮಿಸಿಸಿಪ್ಪಿ ನದಿಯ ಮೇಲಿನ ದಿಬ್ಬದಲ್ಲಿ ಮೂಲನಿವಾಸಿಗಳ ಸಮಾಧಿ ಗುಡ್ಡಗಳಿವೆ. ಅಂಥವು ಖಾಸಗಿ ಜಮೀನಿನಲ್ಲಿದ್ದರೂ ಕಾನೂನು ಅವನ್ನು ಕಾಯುತ್ತದೆ. ಕಾನೂನು ಇಲ್ಲದಿದ್ದರೂ ಇನ್ನೊಬ್ಬರ ಹಿರಿಯರು ಮಲಗಿದ ನೆಲವನ್ನು ನಾವು ಕೆದಕುವವರಲ್ಲ. ನಗರದ ಪಾರ್ಕಿಗೆ ಅನುಮತಿ ಬೇಕೇ ಎಂದು ಈ ಬಿಡುವಿನಲ್ಲೇ ವಿಚಾರಿಸಿಕೋ.

ಏಪ್ರಿಲ್ ಮಧ್ಯದ ಹೊತ್ತಿಗೆ ನಿಮ್ಮ ಹಿತ್ತಲು ಹದಕ್ಕೆ ಬರಬಹುದು. ಮೊದಲ ಹೆಂಟೆ ಅಲ್ಲೇ ಕೊಯ್ಯಿ. ಮೂರು ಬದಿ ಕತ್ತರಿಸಿ, ಒಂದು ಬದಿ ಬಿಟ್ಟು ಮಗುಚು. ಮಣ್ಣನ್ನು ಬಟ್ಟೆಯ ಮೇಲೆ ಹಾಕಿಕೋ, ಎಲ್ಲವನ್ನೂ ಮರಳಿ ತುಂಬಿ ಅಂಗೈಯಿಂದ ಒತ್ತು. ಒಂದು ವಾರ ಬಿಟ್ಟು ಆ ಹುಲ್ಲಿನ ಫೋಟೋ ಕಳಿಸು. ಹಸಿರಾಗಿದ್ದರೆ ರೋಚೆಸ್ಟರ್‌ಗೆ ಬಾ. ಇಲ್ಲಿ ನನಗೆ ಪರಿಚಯದ ಹಳೆಯ ತೋಟದ ಮನೆಯೊಂದಿದೆ, ಅವರಿಗೆ ಈಗಲೇ ಹೇಳಿಟ್ಟಿದ್ದೇನೆ.

ಇತಿ,
ನಿನ್ನ ಸೋದರಮಾವ