ಮಗಳಿಗೊಂದು ಪತ್ರ: ಮೈಕ್ ಮುಟ್ಟುವ ಮುಂಚೆ

ಪುಟ್ಟಿ,

ಶುಕ್ರವಾರ ಬೆಳಗ್ಗೆ ನಿಮ್ಮ ರಾಕ್ ಬ್ಯಾಂಡಿನ ಐದೂ ಜನ ಊರೂರು ಹಾಡೋಕೆ ಗಾಡಿ ಹತ್ತುತ್ತೀರ. ಅದಕ್ಕೂ ಮುಂಚೆ ಒಪ್ಪಂದಕ್ಕೆ ಸಹಿ ಹಾಕಿ ಕಳಿಸಿ ಅಂತ ಹಾಡು ಹೊರತರೋ ಕಂಪನಿಯವರು ಗಂಟುಬಿದ್ದಿದ್ದಾರೆ. ಭಾನುವಾರ ರಾತ್ರಿ ಆಡಿದ ಮಾತು ಇಬ್ಬರಿಗೂ ನೆನಪಿದೆ, ಅದನ್ನು ಇಲ್ಲಿ ಬರೆಯಲ್ಲ. ಕೆಲಸ ಬಿಟ್ಟಿದ್ದೀಯ, ಬಿಟ್ಟಾಯಿತು. ಎದುರಿಗೆ ಕೂತರೆ ನನ್ನ ದನಿ ಏರುತ್ತೆ, ನೀನು ಎದ್ದು ಹೋಗ್ತೀಯ. ಅದಕ್ಕೇ ಕಾಗದದಲ್ಲಿ ಬರೀತಿದ್ದೀನಿ. ಪೂರ್ತಿ ಓದು.

ಒಪ್ಪಂದದ ವಿಷಯ ಮೊದಲು ಮುಗಿಸಿಬಿಡ್ತೀನಿ. ನಾಲ್ಕನೇ ಪುಟದಲ್ಲಿ 'ಇಡೀ ಜಗತ್ತಿಗೆ, ಶಾಶ್ವತವಾಗಿ' ಅನ್ನೋ ಸಾಲಿಗೆ ಪೆನ್ಸಿಲ್ ಗೆರೆ ಎಳೆದಿದ್ದೀನಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತೆ. ಶಾಶ್ವತ ಅಂದರೆ ಆ ಅರವತ್ತೂ ಅವರ ಪಾಲಿಗೆ. ಹಕ್ಕು ಬರೆದುಕೊಡಬೇಡಿ, ಲೈಸೆನ್ಸ್ ಕೊಡಿ, ಅಂದರೆ ಬಳಸೋಕೆ ಅನುಮತಿ ಮಾತ್ರ. 5 ವರ್ಷ, ಆಮೇಲೆ ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಣ, ನಿಮಗೇ ವಾಪಸ್. ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅವಧಿ ಬರೆಯದೇ ಇದ್ದರೆ 5 ವರ್ಷ ಅಂತಲೇ ಲೆಕ್ಕ, ಪ್ರದೇಶ ಬರೆಯದೇ ಇದ್ದರೆ ಭಾರತ ಮಾತ್ರ. ಅದು ಗೊತ್ತಿದ್ದೇ ಅವರು ಎರಡನ್ನೂ ಬರೆದಿರೋದು. ಹಕ್ಕು ತೆಗೆದುಕೊಂಡವರು ಒಂದು ವರ್ಷ ಅದನ್ನು ಬಳಸದೆ ಕೂತರೆ ಹಕ್ಕು ಬಿದ್ದುಹೋಗುತ್ತೆ ಅಂತಲೂ ಅದೇ ಸೆಕ್ಷನ್ ಹೇಳುತ್ತೆ, ಒಪ್ಪಂದದಲ್ಲಿ ಬೇರೆ ಥರ ಬರೆದಿರದಿದ್ದರೆ. ಏಳನೇ ಪುಟ ನೋಡು, ಬೇರೆ ಥರ ಬರೆದಿದ್ದಾರೆ. ಹೊಡೆದುಹಾಕಿಸು. ಸಾಹಿತ್ಯ, ಸಂಗೀತಕ್ಕೆ ಬರೋ ರಾಯಲ್ಟಿಯನ್ನು ಮಾತ್ರ 2012ರ ತಿದ್ದುಪಡಿ ಆದಮೇಲೆ ನೀವಾಗಿ ಬಿಟ್ಟುಕೊಡ್ತೀವಿ ಅಂದರೂ ಬಿಟ್ಟುಕೊಡೋಕೆ ಬರಲ್ಲ. ಆ ದುಡ್ಡು ಕೈಗೆ ಸೇರಬೇಕಾದರೆ ಹಾಡು ಕಟ್ಟಿದವರ ಹೆಸರು ರಾಯಲ್ಟಿ ವಸೂಲಿ ಮಾಡಿ ಹಂಚೋ ಸಂಘವಾದ ಐಪಿಆರ್‌ಎಸ್‌ನಲ್ಲಿ ಇರಬೇಕು. ತಮಟೆ ಹುಡುಗನ ಹೆಸರೂ ಸೇರಿಸಿ. ಆ ಉದ್ದನೆಯ ಹಾಡು ನಿಂತಿರೋದೇ ಅವನ ಪೆಟ್ಟಿನ ಮೇಲೆ. ಚಿಂತಾಮಣಿ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗೇ ಪದ್ಮಶ್ರೀ ಬಂದಿರುವಾಗ ನೀವು ಅವನನ್ನು 'ಅತಿಥಿ ಕಲಾವಿದ' ಅಂತ ಬರೆದಿರೋದು ನನಗೆ ಸರಿಬರಲಿಲ್ಲ. ಯಾರದ್ದು ಎಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದು ಐದೂ ಜನ ಸಹಿ ಹಾಕಿ. ಸ್ನೇಹ ಚೆನ್ನಾಗಿರುವಾಗಲೇ ಹಾಕಿ.

ಮಾಸ್ಟರ್ ಕೈಯಲ್ಲಿದ್ದರೆ ಏನಾಗುತ್ತೆ ಅನ್ನೋದಕ್ಕೆ ಮೆಲ್ಬರ್ನ್‌ನ ಕಿಂಗ್ ಗಿಜರ್ಡ್ ತಂಡವೇ ಸಾಕ್ಷಿ. 2017ರಲ್ಲಿ ಒಂದೇ ವರ್ಷ ಐದು ಆಲ್ಬಂ ತಂದರು. ಅದರಲ್ಲೊಂದನ್ನು ಪುಕ್ಕಟೆ ಬಿಟ್ಟು, ಯಾರು ಬೇಕಾದರೂ ರೆಕಾರ್ಡ್ ಒತ್ತಿಸಿಕೊಳ್ಳಿ ಅಂದರು. ತಮ್ಮದಾಗಿದ್ದರಿಂದ ಅನ್ನೋಕೆ ಆಯಿತು. ಇಲ್ಲೇ ಬೆಂಗಳೂರಿನಲ್ಲಿ ಪರ್ವಾಜ್ ತಂಡ 2010ರಿಂದ ಉರ್ದು, ಕಾಶ್ಮೀರಿಯಲ್ಲಿ ಹಾಡಿಕೊಂಡೇ ನಿಂತಿದೆ, ಹಾಡನ್ನು ಮೂರು ನಿಮಿಷಕ್ಕೆ ಕತ್ತರಿಸದೆ. ನಿಮ್ಮ ಹದಿನಾಲ್ಕು ನಿಮಿಷದ ಹಾಡಿಗೂ ಸ್ಪಾಟಿಫೈನಲ್ಲಿ ಸಿಗೋದು ಒಂದೇ ಸ್ಟ್ರೀಮ್‌ನ ದುಡ್ಡು, 30 ಸೆಕೆಂಡ್ ದಾಟಿದ ಹಾಡಿಗೂ ಅಷ್ಟೇ. ವರ್ಷಕ್ಕೆ 1000 ಸ್ಟ್ರೀಮ್ ಆಗದ ಹಾಡಿಗೆ 2024ರಿಂದ ಏನೂ ಇಲ್ಲ. ಅದನ್ನು ಜಾಹೀರಾತು ಅಂತ ಇಟ್ಟುಕೊಳ್ಳಿ. ಹೊಟ್ಟೆಪಾಡಿಗೆ ಹಾಡುಗಾರರೇ ನೇರವಾಗಿ ಹಾಡು ಮಾರೋ ತಾಣ ಬ್ಯಾಂಡ್‌ಕ್ಯಾಂಪ್, ಟೀ ಶರ್ಟು, ಟಿಕೆಟ್ಟು. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ನೂರಕ್ಕೆ 15 ಹಿಡಿದುಕೊಳ್ಳುತ್ತೆ, ದುಡ್ಡು ಪಾವತಿಯ ಶುಲ್ಕ ಕಳೆದು ಉಳಿದದ್ದು ನಿಮಗೆ.

ವೈನಿಲ್, ಅಂದರೆ ಸೂಜಿಯಿಟ್ಟು ಕೇಳೋ ರೆಕಾರ್ಡ್ ತಟ್ಟೆ, ತರೋ ಆಸೆ ಇದೆಯಲ್ಲ, ಆ ಹಾಡನ್ನು ಒಂದು ಬದಿಯ ಕೊನೆಗೆ ಇಡಬೇಡಿ. 12 ಇಂಚಿನ ತಟ್ಟೆಯಲ್ಲಿ ಬದಿಗೆ 20-22 ನಿಮಿಷ ದಾಟಿದರೆ ಗೀರು ಕಿರಿದಾಗಿ ಸದ್ದು ಸೊರಗುತ್ತೆ. ಒಳಸುತ್ತಿಗೆ ಹೋದಷ್ಟೂ ಎತ್ತರದ ಸ್ವರ ಒಡೆಯುತ್ತೆ, ನಿಮ್ಮ ಗದ್ದಲವೆಲ್ಲ ಇರೋದು ಕೊನೆಯ ಮೂರು ನಿಮಿಷದಲ್ಲಿ. ಬೇಸ್ ಗಿಟಾರನ್ನು ಎಡದಿಂದ ಬಲಕ್ಕೆ ಸುತ್ತಿಸಿರೋದನ್ನೂ ಬಿಡಿಸಿ, ಕೆಳಸ್ವರ ಎರಡೂ ಕಡೆ ಒಂದೇ ಇರಬೇಕು, ಇಲ್ಲದಿದ್ದರೆ ಸೂಜಿ ಹಾರುತ್ತೆ.

ಇನ್ನು ಅರ್ಥಿಂಗ್, ಸೋರಿದ ಕರೆಂಟನ್ನು ಭೂಮಿಗೆ ಇಳಿಸೋ ವ್ಯವಸ್ಥೆ. ನೀನು ಪುಟ ತಿರುವಬೇಡ.

1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸೀಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಲೆಸ್ಲಿ ಹಾರ್ವಿ ವೇದಿಕೆಯ ಮೇಲೆ ಮೈಕ್ ಮುಟ್ಟಿದ. ಅರ್ಥ್ ಸರಿ ಇರಲಿಲ್ಲ. 27 ವರ್ಷದ ಹುಡುಗ, ಅಲ್ಲೇ ಹೋದ. ಯಾರ್ಡ್‌ಬರ್ಡ್ಸ್‌ನ ಕೀತ್ ರೆಲ್ಫ್ 1976ರಲ್ಲಿ ಮನೆಯಲ್ಲೇ, ಗಿಟಾರ್ ನುಡಿಸ್ತಾ ಹೋದ. ಸೈಕೆಡೆಲಿಕ್ ರಾಕ್‌ಗೆ (ನಿಮ್ಮ ಈ ಕನಸು, ಅಮಲಿನಂಥ ಸಂಗೀತಕ್ಕೆ) ದಾರಿ ಮಾಡಿದ ತಂಡದ ಹಾಡುಗಾರ ಕಣೆ ಅವನು. ನಿಮಗೆ ಇವರ ರೆಕಾರ್ಡ್‌ಗಳೆಲ್ಲ ಗೊತ್ತು, ಹೇಗೆ ಸತ್ತರು ಅನ್ನೋದೂ ಗೊತ್ತಿರಲಿ.

ಹೇಗಾಗುತ್ತೆ ನೋಡು. ಗಿಟಾರಿನ ತಂತಿ ಬ್ರಿಡ್ಜ್ ಮೂಲಕ ಜ್ಯಾಕ್‌ಗೆ, ಅಲ್ಲಿಂದ ಕೇಬಲ್ಲಿನ ಹೊರಜಾಲರಿ ಹಿಡಿದು ಆಂಪ್ಲಿಫೈಯರಿನ ಚಾಸಿಗೆ (ಲೋಹದ ಮೈಗೆ), ಚಾಸಿಯಿಂದ ಪ್ಲಗ್ಗಿನ ದಪ್ಪ ಪಿನ್ನಿಗೆ. ಮೈಕ್‌ನ ಮೈ ಸೌಂಡ್ ಮಿಕ್ಸರ್ ಮೂಲಕ ಇನ್ನೊಂದು ಪ್ಲಗ್ಗಿನ ದಪ್ಪ ಪಿನ್ನಿಗೆ. ಎರಡೂ ನಿಜವಾದ ಭೂಮಿಗೆ ಸೇರಿದ್ದರೆ ನಿನ್ನ ಎಡಗೈಗೂ ತುಟಿಗೂ ನಡುವೆ ಏನೂ ಇಲ್ಲ. ಒಂದು ಕಡೆ ಅರ್ಥ್ ಕಿತ್ತಿದ್ದು, ಆ ಕಡೆಯ ಯಾವುದೋ ಯಂತ್ರದಲ್ಲಿ ಫೇಸ್, ಅಂದರೆ ಕರೆಂಟ್ ಹೊತ್ತು ತರೋ ತಂತಿ, ಚಾಸಿಗೆ ತಗುಲಿದ್ದರೆ 230 ವೋಲ್ಟ್. ಆಂಪ್‌ನಲ್ಲೊಂದು, ಮಿಕ್ಸರಿನಲ್ಲೊಂದು ದೋಷವಿದ್ದು, ಎರಡೂ ಕಡೆ ಅರ್ಥ್ ಕಿತ್ತಿದ್ದು, ಎರಡೂ ಬೇರೆ ಬೇರೆ ಫೇಸ್‌ನಲ್ಲಿದ್ದರೆ 400. ತುಟಿ ಒದ್ದೆ, ಕೈ ಬೆವರು, ದಾರಿ ಎದೆಯ ಮೇಲೇ. 10 ಮಿಲಿಆಂಪಿಯರ್ ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳೋಕೆ ಆಗಲ್ಲ. 30 ದಾಟಿದರೆ ಹೃದಯದ ಲಯ ತಪ್ಪಬಹುದು.

ಕಾಲೇಜು ಫೆಸ್ಟುಗಳಲ್ಲಿ ಇದೇ ಆಗೋದು. ಲೈಟಿಗೊಂದು ಜನರೇಟರ್, ಸೌಂಡಿಗೆ ಕಾಲೇಜಿನ ಲೈನು. ಜನರೇಟರಿನ ಅರ್ಥ್ ರಾಡ್ ಒಣ ನೆಲದಲ್ಲಿ ಒಂದಡಿ ಚುಚ್ಚಿರ್ತಾರೆ. ನಮ್ಮ ಕೋಲಾರದ ಬೇಸಿಗೆಯ ನೆಲಕ್ಕೆ ಅಷ್ಟೇ ಚುಚ್ಚಿದರೆ ಅದು ಚುಚ್ಚದ ಲೆಕ್ಕವೇ. ಇನ್ನು ಹಮ್ (ಸ್ಪೀಕರಿನ ಗುಂಯ್ ಸದ್ದು) ಬರುತ್ತೆ ಅಂತ ಆಂಪ್‌ನ ದಪ್ಪ ಪಿನ್ ಮುರಿದು ಹಾಕೋರಿದ್ದಾರೆ. ಹಮ್ ನಿಲ್ಲುತ್ತೆ, ಜೊತೆಗೆ ನಿನ್ನ ರಕ್ಷಣೆಯೂ ಹೋಗುತ್ತೆ. ಹಮ್‌ಗೆ ಮದ್ದು, ವಾದ್ಯಕ್ಕೂ ಮಿಕ್ಸರಿಗೂ ನಡುವೆ ಹಾಕೋ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ಚು. ಅದು ಸಿಗ್ನಲ್ ಜಾಲರಿಯನ್ನು ಬಿಡಿಸುತ್ತೆ, ಮೇನ್ಸ್ ಅರ್ಥ್ ಮುಟ್ಟಲ್ಲ. ಯಾರಾದರೂ ಟೂ ಪಿನ್ ಅಡಾಪ್ಟರ್ ತಂದರೆ ಅಂದು ನುಡಿಸಬೇಡಿ.

ಹಸಿರು ಪೆಟ್ಟಿಗೆ ಕಟ್ಟಿಟ್ಟಿದ್ದೀನಿ. 25 ಆಂಪಿಯರ್, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯೋ ಸ್ವಿಚ್ಚು), ಅದರ ಹಿಂದೆ 16ರ ಎಂಸಿಬಿ (ಹೊರೆ ಹೆಚ್ಚಾದರೆ ಕಡಿಯೋದು), ನಾಲ್ಕು ಸಾಕೆಟ್, 2.5 ಚದರ ಮಿಲಿಮೀಟರ್‌ನ ಮೂರು ಎಳೆಯ ಕೇಬಲ್. ಜೊತೆಗೆ ಮಲ್ಟಿಮೀಟರು, ಒಂದು 100 ವ್ಯಾಟಿನ ಟೆಸ್ಟ್ ಲ್ಯಾಂಪ್. ನಿಮ್ಮ ವೇದಿಕೆಯ ಸಾಮಾನೆಲ್ಲ ಸೇರಿ ಒಂದೂವರೆ ಕಿಲೋವ್ಯಾಟ್ ದಾಟಲ್ಲ, ಈ ಒಂದೇ ಪೆಟ್ಟಿಗೆ ಸಾಕು.

ಆಂಪ್ ಇಳಿಸೋಕೂ ಮುಂಚೆ ಸಾಕೆಟ್ ನೋಡು. ದಪ್ಪ ರಂಧ್ರ ಮೇಲೆ ಇದ್ದಾಗ ಬಲಗಡೆ ಫೇಸ್, ಎಡಗಡೆ ಕರೆಂಟ್ ವಾಪಸ್ ಹೋಗೋ ನ್ಯೂಟ್ರಲ್. ಫೇಸ್-ನ್ಯೂಟ್ರಲ್ 220ರಿಂದ 240, ಫೇಸ್-ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ ಎರಡು ಮೂರು ವೋಲ್ಟ್ ಒಳಗೆ. ಫೇಸ್-ಅರ್ಥ್ ನೂರರ ಆಸುಪಾಸು ತೂಗಾಡಿದರೆ ಅರ್ಥ್ ಎಲ್ಲಿಗೂ ಸೇರಿಲ್ಲ. ಮೀಟರು 230 ತೋರಿಸಿತು ಅಂತ ನಂಬಿಬಿಡಬೇಡ. ಮೀಟರಿಗೆ ಬೇಕಾದ ಕರೆಂಟು ಎಷ್ಟು ಕಮ್ಮಿ ಅಂದರೆ ತುಕ್ಕು ಹಿಡಿದ ಒಂದೆಳೆ ತಂತಿಯೂ ಅದಕ್ಕೆ ಸಾಕು. ಅದಕ್ಕೇ ಬಲ್ಬು. ಫೇಸ್‌ಗೂ ಅರ್ಥ್‌ಗೂ ಹಾಕಿದರೆ ಪೂರ್ತಿ ಉರಿಯಬೇಕು, ಅಥವಾ ಅಲ್ಲಿ ಆರ್‌ಸಿಸಿಬಿ ಇದ್ದರೆ ತಟ್ಟನೆ ಬೀಳಬೇಕು. ಮಂಕಾಗಿ ಉರಿದರೆ ಅರ್ಥ್ ಕೆಟ್ಟಿದೆ. ಬಲ್ಬ್ ಹಾಕುವಾಗ ಆ ಲೈನಿನಲ್ಲಿ ಬೇರೆ ಯಾವ ಪ್ಲಗ್ಗೂ ಇರಬಾರದು, ಯಾರೂ ಏನನ್ನೂ ಮುಟ್ಟಿರಬಾರದು. ಅರ್ಥ್ ಕಿತ್ತಿದ್ದರೆ ಬಲ್ಬಿನ ಕರೆಂಟೇ ಎಲ್ಲ ಚಾಸಿಗಳಿಗೂ ಹತ್ತುತ್ತೆ. ಇದನ್ನು ಅಲ್ಲಿನ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸು, ನೀನು ಪಕ್ಕದಲ್ಲಿ ನಿಂತು ನೋಡು.

ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದೆ, ಬಿತ್ತು, ಎಲ್ಲ ಸರಿ ಅಂತ ಹೇಳ್ತೀಯ. ಆ ಬಟನ್ ಅರ್ಥ್ ಇಲ್ಲದೆಯೂ ಕೆಲಸ ಮಾಡುತ್ತೆ. ಒಳಗಿನ ಯಂತ್ರ ಸರಿ ಇದೆ ಅಂತಷ್ಟೇ ಅದು ಹೇಳೋದು. ಜನರೇಟರಿನ ನ್ಯೂಟ್ರಲ್ಲನ್ನು ಭೂಮಿಗೆ ಸೇರಿಸಿರದಿದ್ದರೂ ಅದು ಬೀಳೋದಕ್ಕೆ ದಾರಿಯಿಲ್ಲ. ನನಗೆ ನಿದ್ದೆ ಬಾರದ ಹಾಗೆ ಮಾಡಿರೋದು ಇನ್ನೊಂದು ವಿಷಯ. ನನ್ನ ಪೆಟ್ಟಿಗೆ ಕಾಯೋದು ನಿಮ್ಮ ಕಡೆಯ ದೋಷವನ್ನು ಮಾತ್ರ. ಅವರ ಮಿಕ್ಸರ್ ಕಡೆಯಿಂದ ಮೈಕ್‌ಗೆ ಕರೆಂಟ್ ಬಂದರೆ, ಅದು ನಿನ್ನ ಮೈ ಹಾದು, ತಂತಿ ಹಾದು, ನನ್ನ ಪೆಟ್ಟಿಗೆಯ ಅರ್ಥ್ ತಂತಿಯಲ್ಲೇ ಇಳಿದುಹೋಗುತ್ತೆ. ಆರ್‌ಸಿಸಿಬಿ ತೂಗೋದು ಫೇಸ್, ನ್ಯೂಟ್ರಲ್ ಎರಡನ್ನೇ. ಅದಕ್ಕೆ ಏನೂ ಗೊತ್ತಾಗಲ್ಲ. ಆದ್ದರಿಂದ ಕೊನೆಯ ಪರೀಕ್ಷೆ ಬಿಡಲೇಬೇಡ. ಎಲ್ಲ ಆನ್ ಮಾಡಿ, ಮೀಟರಿನ ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕ್‌ನ ಜಾಲರಿಗೆ. ಒಂದೆರಡು ವೋಲ್ಟ್ ಮೇಲೆ ತೋರಿಸಿದರೆ ಕಾರಣ ಸಿಗೋವರೆಗೂ ಹಾಡಬೇಡ. ಜುಮ್ಮೆಂದರೆ 'ಸ್ವಲ್ಪ ಲೀಕೇಜು ಅಷ್ಟೇ' ಅಂತಾರೆ. ಅರ್ಥ್ ಇಲ್ಲ ಅನ್ನೋದನ್ನು ಆ ಜುಮ್ಮು ಮೊದಲೇ ಹೇಳ್ತಿರುತ್ತೆ.

ಗಿಟಾರಿಗೆ ವೈರ್‌ಲೆಸ್ ಹಾಕಿಕೋ ಅಂದಿದ್ದು ಇದಕ್ಕೇ. ತಂತಿ ಯಾವುದಕ್ಕೂ ಸೇರಿರದಿದ್ದರೆ ಕರೆಂಟಿಗೆ ನಿನ್ನ ಕೈಯ ಮೂಲಕ ದಾರಿಯೇ ಇಲ್ಲ. ಫಜ್, ಅಂದರೆ ಸ್ವರವನ್ನು ಒರಟು ಮಾಡೋ ಪೆಡಲ್, ಕೆಡುತ್ತೆ ಅಂತ ನೀನು ಬೇಡ ಅಂದೆ. ನೀನು ಹೇಳಿದ್ದು ನಿಜ. ಜರ್ಮೇನಿಯಂ ಫಜ್ ಗಿಟಾರಿನ ಪಿಕಪ್ಪಿನ (ತಂತಿಯ ಕಂಪನ ಹಿಡಿಯೋ ಭಾಗದ) ಸುರುಳಿಯನ್ನೇ ತನ್ನ ಸರ್ಕ್ಯೂಟಿನ ಭಾಗ ಮಾಡಿಕೊಳ್ಳುತ್ತೆ. ನಡುವೆ ವೈರ್‌ಲೆಸ್ಸಿನ ಬಫರ್ ಸರ್ಕ್ಯೂಟು ಬಂದರೆ ವಾಲ್ಯೂಮ್ ಇಳಿಸಿದಾಗ ಸಿಗೋ ಆ ತಿಳಿಯಾದ ದನಿ ಸತ್ತುಹೋಗುತ್ತೆ. ಅದಕ್ಕೂ ದಾರಿ ಇದೆ. ರಿಸೀವರಿಗೂ ಫಜ್‌ಗೂ ನಡುವೆ ಒಂದು ಪುಟ್ಟ ಆಡಿಯೊ ಟ್ರಾನ್ಸ್‌ಫಾರ್ಮರಿನ ಸುರುಳಿಯನ್ನು ಸರಣಿಯಲ್ಲಿ ಹಾಕಿದರೆ ಫಜ್‌ಗೆ ಪಿಕಪ್ ಇದ್ದ ಹಾಗೇ ಅನ್ನಿಸುತ್ತೆ. ತಗಡಿನ ಡಬ್ಬಿಯಲ್ಲಿ ಕಟ್ಟಿಟ್ಟಿದ್ದೀನಿ, ನಾಳೆ ನುಡಿಸಿ ನೋಡು. ಆ ಫಜ್ ಪಾಸಿಟಿವ್ ಗ್ರೌಂಡಿನದು, ಉಳಿದ ಪೆಡಲ್‌ಗಳ ಅಡಾಪ್ಟರಿಗೆ ಸಿಕ್ಕಿಸಿದರೆ ಶಾರ್ಟ್ ಆಗುತ್ತೆ. ಅದಕ್ಕೆ ಅದರದ್ದೇ 9 ವೋಲ್ಟ್ ಬ್ಯಾಟರಿ. ಬಿಸಿಲಿಗೂ ಇಡಬೇಡ, ಜರ್ಮೇನಿಯಂ ಕಾದರೆ ಒಳಸೋರಿಕೆ ಹೆಚ್ಚಿ ಸ್ವರ ಕೆಮ್ಮುತ್ತೆ. ವಾಲ್ವ್ ಆಂಪನ್ನು ಸ್ಪೀಕರ್ ಸಿಕ್ಕಿಸದೆ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತೆ. ಹಿಂಬದಿ ಬಿಚ್ಚಲೂ ಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ 400 ವೋಲ್ಟ್ ಕೂತಿರುತ್ತೆ.

ಮತ್ತೆ ಪಾಠಕ್ಕೆ ಇಳಿದುಬಿಟ್ಟೆ, ಬೇಜಾರಾದರೆ ಕ್ಷಮಿಸು. ಆದರೆ ಇದೊಂದು ಹೇಳಲೇಬೇಕು. ಈ ಸಂಗೀತದ ಸುತ್ತ ಏನೇನು ಕೈಯಿಂದ ಕೈಗೆ ಹೋಗುತ್ತೆ ಅಂತ ನನಗೆ ಗೊತ್ತು. ಆಸ್ಟಿನ್‌ನ ಥರ್ಟೀನ್ತ್ ಫ್ಲೋರ್ ಎಲಿವೇಟರ್ಸ್ 1966ರಲ್ಲೇ ತಮ್ಮ ಆಲ್ಬಂ ಹೆಸರಿನಲ್ಲಿ 'ಸೈಕೆಡೆಲಿಕ್' ಅಂತ ಬರೆದುಕೊಂಡವರು. 1969ರಲ್ಲಿ ಗಾಂಜಾ ಕೇಸಿನಲ್ಲಿ ಸಿಕ್ಕಿಬಿದ್ದ ಅವರ ಹಾಡುಗಾರ ರಾಕಿ ಎರಿಕ್ಸನ್ ಜೈಲು ತಪ್ಪಿಸಿಕೊಳ್ಳೋಕೆ ಹೋಗಿ ಹುಚ್ಚಾಸ್ಪತ್ರೆಯಲ್ಲಿ ವರ್ಷಗಟ್ಟಲೆ ಕಳೆದ. ನಮ್ಮಲ್ಲಿ ಎಲ್‌ಎಸ್‌ಡಿ ಅನ್ನೋ ಮಾದಕ 0.1 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ ಶಿಕ್ಷೆ. ಒಬ್ಬನ ಜೇಬಿನದ್ದಕ್ಕೆ ಗಾಡಿಯಲ್ಲಿರೋ ಎಲ್ಲರೂ ಠಾಣೆ ಮೆಟ್ಟಿಲು ಹತ್ತಬೇಕಾಗುತ್ತೆ. ಹತ್ತೋ ಮುಂಚೆಯೇ ಐದು ಜನ ಕೂತು ಮಾತಾಡಿ. ನೀನು ಮುಟ್ಟಲ್ಲ ಅಂದಿದ್ದೀಯ, ನಂಬಿದ್ದೀನಿ.

ಕಿವಿಗೆ ಪ್ಲಗ್ ಹಾಕಿಕೋ. 85 ಡೆಸಿಬೆಲ್ ಎಂಟು ಗಂಟೆ ತಡೆಯೋ ಕಿವಿಗೆ 100 ಡೆಸಿಬೆಲ್ ಹದಿನೈದೇ ನಿಮಿಷ.

ನಮ್ಮ ಕೆಜಿಎಫ್‌ಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂತು, ಬೆಂಗಳೂರಿನ ಬೀದಿಗೆ ಬಂದಿದ್ದು 1905ರಲ್ಲಿ. ಆ ನೆಲದ ಹುಡುಗಿ ತಮಟೆ, ಫಜ್ ಎರಡನ್ನೂ ಒಂದೇ ಹಾಡಿನಲ್ಲಿ ಕೂರಿಸಿ, ಕನ್ನಡದಲ್ಲಿ ಹಾಡ್ತಾ ಶಿಲ್ಲಾಂಗ್‌ವರೆಗೆ ಹೋಗ್ತಿದ್ದಾಳೆ. ಆ ಹದಿನಾಲ್ಕು ನಿಮಿಷದ ಹಾಡಿನಲ್ಲಿ, ಎಲ್ಲ ನಿಂತು ತಮಟೆಯೊಂದೇ ಉಳಿದ ಮೇಲೆ ನಿನ್ನ ದನಿ ಕೆಳಗಿನಿಂದ ಎದ್ದು ಬರುತ್ತಲ್ಲ, ಅದು ನನಗೆ ತುಂಬಾ ಇಷ್ಟ. ಭಾನುವಾರ ಹೇಳಬೇಕು ಅಂದುಕೊಂಡಿದ್ದು ಇದನ್ನೇ, ಬಾಯಿಗೆ ಬಂದಿದ್ದು ಸಂಬಳದ ಮಾತು.

ತಮಟೆ ಕಾಯಿಸೋಕೆ ಒಳಗೆ ಕಾಗದ ಹೊತ್ತಿಸಬೇಡಿ, ಪಬ್ಬುಗಳಲ್ಲಿ ಹೊಗೆಗೆ ಅಲಾರಂ ಕೂಗುತ್ತೆ. ಶಿಲ್ಲಾಂಗ್‌ನ ತೇವಕ್ಕೆ ಚರ್ಮ ಬೇಗ ಸಡಿಲವಾಗುತ್ತೆ, ಒಂದು ಹೇರ್ ಡ್ರೈಯರ್ ಚೀಲದಲ್ಲಿರಲಿ. ಅದನ್ನು ಹಸಿರು ಪೆಟ್ಟಿಗೆಗೆ ಸಿಕ್ಕಿಸಬೇಡಿ, ಆ ಪೆಟ್ಟಿಗೆ ವೇದಿಕೆಯ ಸಾಮಾನಿಗೆ ಮಾತ್ರ.

ಪ್ರತಿ ಊರಿನಲ್ಲೂ ಸೌಂಡ್‌ಚೆಕ್ ಆದಮೇಲೆ ನಾಲ್ಕು ಅಂಕಿ ಕಳಿಸು: ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್, ತಂತಿ-ಮೈಕ್. ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ. ಮೀಟರಿನ ಫ್ಯೂಸು ಎರಡು ಹೆಚ್ಚಿಗೆ ಇಟ್ಟಿದ್ದೀನಿ, ಪೆಟ್ಟಿಗೆಯ ಮುಚ್ಚಳದ ಒಳಗೆ ಟೇಪು ಹಾಕಿ ಅಂಟಿಸಿದೆ.

ಅಮ್ಮ
ಕೋಲಾರ